ತಗಡಿನ ಕೆಳಗಿನ ಕೋಳಿಗೆ ಬೇಸಿಗೆಯಲ್ಲಿ ತಂಪು ಹೇಗೆ?

ಪ್ರಶ್ನೆ: ನಮ್ಮದು ಲಿಂಗಸುಗೂರು ತಾಲ್ಲೂಕು. ಎರಡು ವರ್ಷದ ಹಿಂದೆ ಊರೊಳಗಿನ ಮನೆ ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡಿದ್ದೇವೆ. ಎರಡು ಎಮ್ಮೆ, ನಾಲ್ಕು ಆಡು, ಹಿತ್ತಲಿನಲ್ಲಿ ತರಕಾರಿ, ನಲವತ್ತು ಕೋಳಿ. ಕೋಳಿಗಳಲ್ಲಿ ಹದಿನೈದು ಗಿರಿರಾಜ, ಉಳಿದವು ನಾಟಿ. ಆದಷ್ಟೂ ಹೊಲದಲ್ಲಿ ಸಿಕ್ಕಿದ್ದರಲ್ಲೇ ಬದುಕಬೇಕು, ಸಾಲ ಮಾಡಬಾರದು ಅಂತ ನಾವಿಬ್ಬರೂ ನಿಶ್ಚಯ ಮಾಡಿದ್ದೇವೆ. ಕೋಳಿ ಶೆಡ್ 12 ಅಡಿ ಉದ್ದ, 8 ಅಡಿ ಅಗಲ, ಮೇಲೆ ತಗಡು, ಉದ್ದನೆಯ ಬದಿ ಪಡುವಣಕ್ಕೆ. ಹೋದ ಮೇ ತಿಂಗಳಲ್ಲಿ ಐದೇ ದಿನದಲ್ಲಿ ಏಳು ಕೋಳಿ ಸತ್ತವು, ಅದರಲ್ಲಿ ಐದು ಗಿರಿರಾಜ. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ನೋಡಿದರೆ ಬಾಯಿ ತೆರೆದು ಬಿದ್ದಿರುತ್ತಿದ್ದವು. ಕೊಕ್ಕರೆ ರೋಗ ಅಂತ ಕೆಲವರು ಹೆದರಿಸಿದರು. ಬೆಳಗ್ಗೆ ಒಂಬತ್ತಕ್ಕೆ ಕಾಳು ಹಾಕುತ್ತೇವೆ, ಐದು ಲೀಟರಿನ ನೀರಿನ ಡಬ್ಬಿ ಒಂದಿದೆ, ಬೆಳಗ್ಗೆ ಸಂಜೆ ತುಂಬಿಸುತ್ತೇವೆ. ಅಂಗಡಿಯವರು ಮಂಜಿನ ಹಾಗೆ ನೀರು ಚಿಮ್ಮಿಸುವ ಫಾಗರ್ ಹಾಕಿಸಿ ಅನ್ನುತ್ತಾರೆ, ಪಂಪು ಸೇರಿ 18,000 ರೂಪಾಯಿ. ಕುಂದಾಪುರದ ಕಡೆ ಇರುವ ನಾದಿನಿ, ಕೋಳಿಗೆ ನೀರು ಚಿಮುಕಿಸಲೇಬೇಡಿ ಅನ್ನುತ್ತಾಳೆ. ಈಗಲೇ ಮಧ್ಯಾಹ್ನ ಬಾಯಿ ಬಿಡಲು ಶುರುಮಾಡಿವೆ. ಮಜ್ಜಿಗೆ, ಬೆಲ್ಲದ ನೀರು ಕೊಡಬಹುದೇ? ಒಂದು ನಾಟಿ ಹೇಂಟೆ ಆರು ದಿನದಿಂದ ಕಾವಿಗೆ ಕೂತಿದೆ, ಎಬ್ಬಿಸಬೇಕೇ?

ಉತ್ತರ: ತಂಗಿ, ಆ 18,000 ರೂಪಾಯಿ ಸದ್ಯಕ್ಕೆ ಗಂಟಿನಲ್ಲೇ ಇರಲಿ. ನಿಮ್ಮ ಕಾಗದ ಎರಡು ಸಲ ಓದಿದೆ. ಕೋಳಿ ಏಕೆ ಸತ್ತವು ಅನ್ನುವುದನ್ನು ನೀವೇ ಬರೆದಿದ್ದೀರಿ: ತಗಡು, ಒಂಬತ್ತು ಗಂಟೆಯ ಕಾಳು, ಐದು ಲೀಟರಿನ ಒಂದೇ ಡಬ್ಬಿ. ಈ ಮೂರನ್ನೂ ಸರಿ ಮಾಡಲು ದುಡ್ಡು ಹೆಚ್ಚು ಬೇಕಿಲ್ಲ, ಹೊತ್ತು ನೋಡಿ ಮಾಡಬೇಕು ಅಷ್ಟೇ. ಕಾವೇರಿಬಿಟ್ಟ ಕೋಳಿಯನ್ನು ತಣ್ಣಗೆ ಮಾಡುವುದು ಬಲು ಕಷ್ಟ. ಕಾವೇರದ ಹಾಗೆ ನೋಡಿಕೊಳ್ಳುವುದು ಸುಲಭ. ನಾನು ಹೇಳುವುದರಲ್ಲಿ ಬಹುಪಾಲು ಬೆಳಗ್ಗೆ ಹತ್ತರೊಳಗೆ ಮುಗಿಯುವ ಕೆಲಸ.

ಮೊದಲು ಕೊಕ್ಕರೆ ರೋಗದ ಮಾತು. ಆ ರೋಗ ಬಂದರೆ ಕೋಳಿ ಹಗಲು ರಾತ್ರಿ ಅನ್ನದೆ ಸಾಯುತ್ತವೆ. ಹಸಿರು ಬಿಳಿ ಕಲೆತ ನೀರಾದ ಹಿಕ್ಕೆ, ಕತ್ತು ತಿರುಚಿಕೊಳ್ಳುವುದು, ಕಾಲು ರೆಕ್ಕೆ ಸೋಲುವುದು, ಉಸಿರಾಡುವಾಗ ಕೊರಕೊರ ಸದ್ದು, ಇವೆಲ್ಲ ಕಾಣುತ್ತವೆ. ಸಾಯುವ ಮುಂಚೆ ಒಂದೆರಡು ದಿನ ಮಂಕಾಗಿ ಕೂರುವುದೇ ಹೆಚ್ಚು. ನಿಮ್ಮವು ಬೆಳಗ್ಗೆ ಚೆನ್ನಾಗಿ ತಿಂದು ಓಡಾಡಿ, ಮಧ್ಯಾಹ್ನ ಮೂರು ನಾಲ್ಕಕ್ಕೆ ಬಾಯಿ ತೆರೆದು ಸತ್ತಿವೆ, ಅದರಲ್ಲೂ ಮೈ ತುಂಬಿದ ಗಿರಿರಾಜಗಳೇ ಹೆಚ್ಚು. ಇದು ಬಿಸಿಲಿನ ಹೊಡೆತದ ಲಕ್ಷಣ. ಆದರೂ ಲಸಿಕೆ ತಪ್ಪಿಸಬೇಡಿ. ಕೊಕ್ಕರೆ ರೋಗಕ್ಕೆ ಮರಿಗೆ ಮೊದಲ ವಾರದಲ್ಲಿ ಲಸೋಟ, ಎಂಟು ವಾರದ ಮೇಲೆ ಆರ್2ಬಿ. ಬೇಸಿಗೆಯಲ್ಲಿ ಲಸಿಕೆಯನ್ನು ಐಸ್ ಹಾಕಿದ ಥರ್ಮಾಸ್‌ನಲ್ಲೇ ತರಬೇಕು, ಸೂರ್ಯ ಏರುವ ಮುಂಚೆ ಹಾಕಿಸಿ ಮುಗಿಸಬೇಕು. ಮಧ್ಯಾಹ್ನ ಕೋಳಿ ಅಟ್ಟಿಸಿಕೊಂಡು ಹೋಗಿ ಹಿಡಿದು ಸೂಜಿ ಚುಚ್ಚಿದರೆ ಲಸಿಕೆಯಿಂದಲ್ಲ, ಓಡಿದ ಆಯಾಸಕ್ಕೇ ಸಾಯಬಹುದು.

ಇನ್ನು ಕೋಳಿಯ ಮೈ ಹೇಗೆ ಅನ್ನುವುದನ್ನು ಸ್ವಲ್ಪ ತಿಳಿದುಕೊಳ್ಳಿ, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಅದರ ಮೈಶಾಖ ಸಹಜವಾಗಿಯೇ 41–42 ಡಿಗ್ರಿ. ಹೊರಗೆ 18ರಿಂದ 24 ಡಿಗ್ರಿ ಇದ್ದರೆ ಅದಕ್ಕೆ ಹಾಯಾಗಿರುತ್ತದೆ. 30 ದಾಟಿದರೆ ರೆಕ್ಕೆಯನ್ನು ಮೈಯಿಂದ ಎತ್ತಿ ಹಿಡಿಯುತ್ತದೆ, ಜುಟ್ಟಿಗೂ ಗದ್ದದ ಕೆಳಗಿನ ಲೋಲಕಕ್ಕೂ ರಕ್ತ ಹೆಚ್ಚು ಹರಿಸಿ ಕಾವು ಹೊರಹಾಕುತ್ತದೆ. ಅದೂ ಸಾಲದಾದಾಗ ಬಾಯಿ ತೆರೆದು ಏದುಸಿರು ಬಿಡುತ್ತದೆ. ನಿಮಿಷಕ್ಕೆ 30ರ ಆಸುಪಾಸಿನಲ್ಲಿದ್ದ ಉಸಿರು 150, 200 ದಾಟುತ್ತದೆ. ಗಂಟಲಿನೊಳಗಿನ ತೇವ ಆವಿಯಾಗಿ ಹೋಗುವಾಗ ಮೈಯ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ 500ಕ್ಕೂ ಹೆಚ್ಚು ಕ್ಯಾಲರಿ ಶಾಖ ಹೊರಹೋದ ಹಾಗೆ. ಗಡಿಗೆಯ ನೀರು ತಣ್ಣಗಾಗುವುದೂ ಇದೇ ದಾರಿಯಲ್ಲಿ. ಈ ಏದುಸಿರೇ ಬೇಸಿಗೆಯ ಮಧ್ಯಾಹ್ನ ಕೋಳಿಯ ಜೀವ ಉಳಿಸುವುದು. ಅದಕ್ಕೆ ಬೇಕಾದದ್ದು ನೀರು ಮತ್ತು ಒಣಗಾಳಿ. ಇವೆರಡರಲ್ಲಿ ಒಂದು ತಪ್ಪಿದರೂ ಕೋಳಿ ಉಳಿಯದು.

ಏದುಸಿರು ಹೆಚ್ಚಾದಾಗ ಇನ್ನೊಂದು ತೊಂದರೆಯೂ ಉಂಟು. ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಹದ ಕೆಡುತ್ತದೆ, ತತ್ತಿಯ ಸಿಪ್ಪೆ ಕಟ್ಟಲು ಬೇಕಾದ ಪದಾರ್ಥ ಸಾಲದಾಗುತ್ತದೆ. ಏಪ್ರಿಲ್‌ನಲ್ಲಿ ಹಾಳೆಯಂಥ ತೆಳು ಸಿಪ್ಪೆಯ ತತ್ತಿ ಬರುವುದು ಇದರಿಂದಲೇ. ಅದಕ್ಕೆ ಕಪ್ಪೆಚಿಪ್ಪಿನ ಚೂರನ್ನೋ, ಹುರಿದು ಪುಡಿ ಮಾಡಿದ ತತ್ತಿ ಸಿಪ್ಪೆಯನ್ನೋ ಸಂಜೆ ಬೇರೆ ಬಟ್ಟಲಲ್ಲಿ ಇಡಿ. ಸಿಪ್ಪೆ ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿಯೇ ನಡೆಯುವುದರಿಂದ ಸಂಜೆ ತಿಂದದ್ದು ಸರಿಯಾದ ಹೊತ್ತಿಗೆ ಒದಗುತ್ತದೆ.

ಈಗ ತಗಡಿಗೆ ಬರೋಣ. ಮೇ ತಿಂಗಳ ಎರಡು ಗಂಟೆಗೆ ನಿಮ್ಮ ಶೆಡ್ಡಿನೊಳಗೆ ಹೋಗಿ ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ಗಾಳಿಯ ಬಿಸಿಯನ್ನು ಬಿಟ್ಟು ಬೇರೆಯೇ ಒಂದು ಝಳ ನೆತ್ತಿಯ ಮೇಲೆ ಇಳಿಯುವುದು ತಿಳಿಯುತ್ತದೆ, ಒಲೆಯ ಮುಂದೆ ಕೂತರೆ ಮುಖಕ್ಕೆ ಬಡಿಯುತ್ತದಲ್ಲ ಹಾಗೆ. ಬಿಸಿಲಿಗೆ ಕಾದ ತಗಡು 60 ಡಿಗ್ರಿ ದಾಟುತ್ತದೆ. ಹೊರಗೆ ಬೇವಿನ ಮರದಡಿ ಇರುವ ಕೋಳಿಗೆ 40 ಡಿಗ್ರಿಯ ಗಾಳಿಯನ್ನು ತಾಳಿಕೊಂಡರೆ ಸಾಕು. ಒಳಗಿನದಕ್ಕೆ ಅದರ ಜೊತೆ ಆ ತಗಡಿನ ಝಳವೂ ಸೇರುತ್ತದೆ. ಫಾಗರ್ ಹಾಕಿದರೂ ಈ ತಗಡು ಹಾಗೇ ಉರಿಯುತ್ತಿದ್ದರೆ ಅರ್ಧ ನೀರು ಅದಕ್ಕೇ ಸಾಕಾಗುತ್ತದೆ.

ತಗಡಿನ ಮೇಲೆ ಜೋಳದ ದಂಟು ಹೊದಿಸಿ. ಸಿಂಧನೂರಿನ ಕಾಲುವೆ ಕಡೆಯಾದರೆ ಭತ್ತದ ಹುಲ್ಲು ಅನ್ನುತ್ತಿದ್ದೆ, ನಿಮ್ಮ ಖುಷ್ಕಿಯಲ್ಲಿ ದಂಟಿಗೇನು ಬರ. ಎಮ್ಮೆ ಬಿಟ್ಟ ಕೂಳೆ ದಂಟಾದರೂ ಆದೀತು. ಒಂದು ಗೇಣು ದಪ್ಪ ಬರಲಿ. ಆದರೆ ತಗಡಿಗೆ ಅಂಟಿಸಿ ಹಾಕಬೇಡಿ. ಮೊದಲು ಜಾಲಿಯ ಗಳವನ್ನೋ ತೊಗರಿ ಕಟ್ಟಿಗೆಯ ಕಟ್ಟನ್ನೋ ಅಡ್ಡ ಹಾಸಿ, ಅದರ ಮೇಲೆ ದಂಟು ಹರವಿ, ಹಗ್ಗ ಬಿಗಿದು ಕಟ್ಟಿ. ತಗಡಿಗೂ ದಂಟಿಗೂ ನಡುವೆ ನಾಲ್ಕು ಬೆರಳು ಗಾಳಿ ಆಡಬೇಕು. ಈ ಸಂದು ಬಿಡುವುದನ್ನೇ ಎಲ್ಲರೂ ಮರೆಯುವುದು, ಅರ್ಧ ತಂಪು ಬರುವುದು ಅದರಿಂದಲೇ. ಸಂದಿನಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ, ಹಾಗಾಗಿ ಮಳೆ ಬಿದ್ದ ಕೂಡಲೆ ದಂಟು ಇಳಿಸಿಬಿಡಿ. ಶೆಡ್ಡಿನ ಹತ್ತಿರ ಒಲೆ ಇದ್ದರೆ, ಮೇಲೆ ಕರೆಂಟಿನ ತಂತಿ ಹಾದು ಹೋಗಿದ್ದರೆ ದಂಟಿನ ಗೊಡವೆಗೆ ಹೋಗಬೇಡಿ. ಒಂದು ಕಿಡಿ ಬಿದ್ದರೆ ಏನೂ ಉಳಿಯದು. ಆಗ ತಗಡಿಗೆ ಸುಣ್ಣ ಬಳಿಯಿರಿ. ರಾತ್ರಿಯೇ ಸುಣ್ಣ ನೆನೆಹಾಕಿ, ಬೆಳಗ್ಗೆ ಅನ್ನ ಬಸಿದ ಗಂಜಿಯನ್ನೂ ಒಂದು ಹಿಡಿ ಉಪ್ಪನ್ನೂ ಕಲಸಿ, ಮಜ್ಜಿಗೆಯ ಹದಕ್ಕೆ ತಂದು, ಎರಡು ಕೈ ಹಚ್ಚಿದರೆ ಮುಂಗಾರಿನ ತನಕ ನಿಲ್ಲುತ್ತದೆ. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಒಣಗುವ ತನಕ ಕೋಳಿಯನ್ನು ಹತ್ತಿರ ಬಿಡಬೇಡಿ, ಸುಣ್ಣ ಕಣ್ಣು ಸುಡುತ್ತದೆ.

ನಿಮ್ಮ ಶೆಡ್ಡಿನ ಉದ್ದನೆಯ ಬದಿ ಪಡುವಣಕ್ಕಿದೆ ಅಂದಿರಿ. ಕಟ್ಟುವಾಗಲೇ ಉದ್ದ ಮೂಡಣ ಪಡುವಣಕ್ಕೆ ಚಾಚಿದ್ದರೆ ಇಳಿಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳುತ್ತಿತ್ತು. ಈಗ ಶೆಡ್ಡು ತಿರುಗಿಸಲು ಆಗದು. ಪಡುವಣದ ಬದಿಗೆ ಗೋಡೆಯಿಂದ ಮೂರು ಅಡಿ ಆಚೆ ತೊಗರಿ ಕಟ್ಟಿಗೆಯದೋ ಹತ್ತಿ ಕಟ್ಟಿಗೆಯದೋ ಒಂದು ತಟ್ಟಿ ನಿಲ್ಲಿಸಿ. ಮಧ್ಯಾಹ್ನ ಮೂರರಿಂದ ಐದರ ಬಿಸಿಲನ್ನು ಅದು ತಡೆಯುತ್ತದೆ. ನಿಮ್ಮ ಕೋಳಿ ಸತ್ತದ್ದೂ ಅದೇ ಹೊತ್ತಿನಲ್ಲಿ ಅನ್ನುವುದನ್ನು ಮರೆಯಬೇಡಿ. ಈ ಮಳೆಗಾಲದಲ್ಲಿ ಆ ತಟ್ಟಿಯ ಆಚೆ ಎರಡು ನುಗ್ಗೆ ಕೊಂಬೆ, ಒಂದು ಹೊಂಗೆ ನೆಡಿ. ನುಗ್ಗೆ ಎರಡನೆಯ ಬೇಸಿಗೆಗೇ ನೆರಳು ಕೊಡುತ್ತದೆ, ಸೊಪ್ಪು ನಿಮಗೂ ಕೋಳಿಗೂ ಆಗುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಯಿತು ಅನ್ನುತ್ತಾರಲ್ಲ, ಅಲ್ಲಿಂದ ಯುಗಾದಿಯೊಳಗೆ ಈ ಮಾಡಿನ ಕೆಲಸ ಮುಗಿಯಬೇಕು. ಕೋಳಿಯ ಮೈ ಬಿಸಿಲಿಗೆ ಹೊಂದಿಕೊಳ್ಳಲು ವಾರವೋ ಹತ್ತು ದಿನವೋ ಬೇಕು. ಅದು ಹೊಂದಿಕೊಳ್ಳುವ ಮುಂಚೆಯೇ ಒಮ್ಮೆಲೇ ಏರುವ ಮೊದಲ ಬಿಸಿಲೇ ಹೆಚ್ಚು ಜೀವ ತೆಗೆಯುತ್ತದೆ.

ಎರಡನೆಯದು ಕಾಳು ಹಾಕುವ ಹೊತ್ತು. ಬಹಳ ಜನಕ್ಕೆ ತಿಳಿಯದ, ಒಂದು ಪೈಸೆ ಖರ್ಚಿಲ್ಲದ ಮಾತಿದು. ತಿಂದದ್ದು ಅರಗುವಾಗ ಮೈಯೊಳಗೇ ಕಾವು ಹುಟ್ಟುತ್ತದೆ. ಕೋಳಿಯಲ್ಲಿ ಆ ಕಾವು ತಿಂದ ನಾಲ್ಕೈದು ಗಂಟೆಗೆ ಏರುತ್ತದೆ. ನೀವು ಒಂಬತ್ತಕ್ಕೆ ಹಾಕಿದ ಜೋಳದ ಕಾವು ಒಂದೂವರೆ ಎರಡಕ್ಕೆ, ಹೊರಗೆ ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಒಳಗಿನಿಂದ ಏಳುತ್ತದೆ. ಹೊರಗೂ ಬೆಂಕಿ, ಒಳಗೂ ಬೆಂಕಿ. ನಾಳೆಯಿಂದಲೇ ನಸುಕಿನಲ್ಲಿ ಐದಕ್ಕೆ, ಹೆಚ್ಚೆಂದರೆ ಐದೂವರೆಗೆ ಮೊದಲ ಕಾಳು ಹಾಕಿ. ಎಮ್ಮೆ ಹಿಂಡಲು ಏಳುವ ಹೊತ್ತೇ ಅದು, ಬೇರೆ ಏಳಬೇಕಿಲ್ಲ. ಒಂಬತ್ತಕ್ಕೆ ಉಳಿದ ಕಾಳು ಎತ್ತಿಡಿ. ಬಿಸಿಲು ಇಳಿದು ಐದಾದ ಮೇಲೆ ಎರಡನೆಯ ಸಲ ಹೊಟ್ಟೆ ತುಂಬ ಕೊಡಿ. ನಡುವೆ ಹಸಿದಿರುತ್ತವೆ ಅಂತ ಮರುಕ ಬೇಡ. ಆ ಹೊತ್ತಿನಲ್ಲಿ ಅವಕ್ಕೆ ಹಸಿವೂ ಇರುವುದಿಲ್ಲ.

ಮೆಕ್ಕೆಜೋಳ ಉಷ್ಣ, ಸಜ್ಜೆ ಉಷ್ಣ, ಬೇಸಿಗೆಯಲ್ಲಿ ಕೊಡಬಾರದು ಅಂತ ಹೇಳುವವರಿದ್ದಾರೆ. ಮಧ್ಯಾಹ್ನ ಕೊಟ್ಟರೆ ಯಾವ ಕಾಳೂ ಉಷ್ಣವೇ, ಸಂಜೆ ಕೊಟ್ಟರೆ ಮೆಕ್ಕೆಜೋಳದಿಂದ ತೊಂದರೆಯಿಲ್ಲ. ಅರಗುವಾಗ ಹೆಚ್ಚು ಕಾವು ಎಬ್ಬಿಸುವುದು ಪ್ರೋಟೀನು. ಹಾಗಾಗಿ ಶೇಂಗಾ ಹಿಂಡಿ, ಮೀನುಪುಡಿಯಂಥದ್ದನ್ನು ಬೇಸಿಗೆಯಲ್ಲಿ ಅಳತೆ ಮೀರಿ ಹಾಕಬೇಡಿ. ಮಧ್ಯಾಹ್ನ ಏನಾದರೂ ಕೊಡಲೇಬೇಕು ಅನ್ನಿಸಿದರೆ ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ, ನೀರಲ್ಲಿ ನೆನೆಸಿದ ನುಗ್ಗೆ ಸೊಪ್ಪು ಕೊಡಿ. ಹೊಟ್ಟೆಗೆ ಹೋಗುವುದು ಹೆಚ್ಚಾಗಿ ನೀರೇ. ಉಳಿದದ್ದನ್ನು ಸಂಜೆಯೊಳಗೆ ಎತ್ತಿ ಎಮ್ಮೆಗೆ ಹಾಕಿ. ಕೊಳೆತರೆ ನೊಣ, ಬೂಷ್ಟು, ಹೊಟ್ಟೆ ಕೆಡುವುದು, ಒಂದರ ಹಿಂದೆ ಒಂದು ಬರುತ್ತವೆ.

ಮೂರನೆಯದು ನೀರು. ಲೆಕ್ಕ ಹಾಕೋಣ. ಬೆಳೆದ ಕೋಳಿ ತಂಪಿನ ದಿನದಲ್ಲಿ ಕಾಲು ಲೀಟರಿನಷ್ಟು ಕುಡಿದರೆ ಕಡುಬೇಸಿಗೆಯಲ್ಲಿ ಅದರ ಇಮ್ಮಡಿ, ಅರ್ಧ ಲೀಟರಿನ ತನಕ ಕುಡಿಯುತ್ತದೆ. ನಲವತ್ತು ಕೋಳಿಗೆ ಇಪ್ಪತ್ತು ಲೀಟರ್. ನೀವು ಇಡುತ್ತಿರುವುದು ಎರಡು ಸಲ ಸೇರಿ ಹತ್ತು. ಅದರಲ್ಲೂ ಬೆಳಗಿನ ಐದು ಲೀಟರ್ ಹನ್ನೊಂದರೊಳಗೆ ಮುಗಿದು, ಬಿಸಿಲಿನ ನಡುವೆ ಡಬ್ಬಿ ಬರಿದಾಗಿರುತ್ತದೆ. ಒಂದೇ ಡಬ್ಬಿ ಇದ್ದರೆ ಜಬರ್ದಸ್ತಿನ ಹುಂಜ, ದೊಡ್ಡ ಹೇಂಟೆ ಕುಡಿದು ಅಲ್ಲೇ ನಿಲ್ಲುತ್ತವೆ, ಬಡಪಾಯಿಗಳಿಗೆ ಸರದಿ ಬರುವುದೇ ಇಲ್ಲ.

ಪ್ಲಾಸ್ಟಿಕ್ ಡಬ್ಬಿ ಬಿಟ್ಟುಬಿಡಿ. ಕುಂಬಾರರ ಹತ್ತಿರ ನಾಲ್ಕು ಗಡಿಗೆ, ನಾಲ್ಕು ಅಗಲ ಬಾಯಿಯ ಪರಿಯಾಣ ತನ್ನಿ. ಗಡಿಗೆಯ ಬಾಯಂಚಿನಿಂದ ಒಂದು ಬೆರಳು ಒಳಕ್ಕೆ ಮೊಳೆಯಿಂದ ನಯವಾಗಿ ತಿರುವುತ್ತಾ ಒಂದು ತೂತು ಮಾಡಿ. ನೀರು ತುಂಬಿ, ಪರಿಯಾಣವನ್ನು ಮುಚ್ಚಳದ ಹಾಗೆ ಮೇಲಿಟ್ಟು, ಎರಡನ್ನೂ ಒತ್ತಿ ಹಿಡಿದು ಬೋರಲು ಹಾಕಿ. ತೂತು ಮುಳುಗುವಷ್ಟು ನೀರು ಪರಿಯಾಣಕ್ಕೆ ಬಂದು ನಿಲ್ಲುತ್ತದೆ. ಕೋಳಿ ಕುಡಿದಷ್ಟೂ ಮತ್ತೆ ಬರುತ್ತದೆ. ಪರಿಯಾಣದ ಅಂಚು ತೂತಿಗಿಂತ ಎತ್ತರ ಇರಬೇಕು, ಇಲ್ಲದಿದ್ದರೆ ನೀರೆಲ್ಲ ಹರಿದುಹೋಗುತ್ತದೆ. ಮಣ್ಣಿನ ಮೈ ಜಿನುಗಿ ಆರುವುದರಿಂದ ನೀರು ಮಧ್ಯಾಹ್ನವೂ ತಣ್ಣಗಿರುತ್ತದೆ. ಎರಡನ್ನು ಶೆಡ್ಡಿನೊಳಗೆ, ಎರಡನ್ನು ಬೇವಿನ ಮರದಡಿ ಇಡಿ. ಹತ್ತಕ್ಕೊಮ್ಮೆ, ಒಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ನೀರು ಬದಲಿಸಿ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ತರಬೇಡಿ. ಆ ಹೊತ್ತಿಗೆ ಅದು ಸ್ನಾನದ ನೀರಿನಷ್ಟು ಕಾದಿರುತ್ತದೆ, ಬಿಸಿನೀರಿಗೆ ಕೋಳಿ ಕೊಕ್ಕು ಅದ್ದಿ ತಲೆ ಕೊಡವಿ ಹೋಗಿಬಿಡುತ್ತದೆ. ಅಡುಗೆಮನೆಯ ಹರವಿಯಿಂದಲೇ ತಂದು ಹಾಕಿ.

ಮಜ್ಜಿಗೆ ಕೊಡಬಹುದು, ತೀರ ನೀರಾಗಿರಬೇಕು, ಉಪ್ಪು ಹಾಕಿರಬಾರದು. ಮಣ್ಣಿನ ಪಾತ್ರೆಯಲ್ಲಿ ಇಟ್ಟು ಎರಡು ಗಂಟೆಯಲ್ಲಿ ತೆಗೆದು ತೊಳೆದಿಡಿ. ತಗಡಿನ ಬಕೆಟ್ಟಿನಲ್ಲಿ ಇಟ್ಟರೆ ಹುಳಿಗೆ ಸತುವು ಬಿಟ್ಟು ವಿಷವಾಗುತ್ತದೆ. ಬೆಲ್ಲದ ನೀರಿನ ವಿಷಯದಲ್ಲಿ ಎಚ್ಚರಿಕೆ ಬೇಕಾದದ್ದು ಉಪ್ಪಿಗೆ. ಮನುಷ್ಯರ ಲೆಕ್ಕದಲ್ಲಿ ಚಮಚಗಟ್ಟಲೆ ಉಪ್ಪು ಕಲಸುತ್ತಾರೆ, ಕೋಳಿಗೆ, ಅದರಲ್ಲೂ ಮರಿಗಳಿಗೆ, ಅದು ಪ್ರಾಣಕ್ಕೆ ಬರುತ್ತದೆ. ಔಷಧಿ ಅಂಗಡಿಯ ಒಆರ್‌ಎಸ್ ಪುಡಿ ಸಿಗುತ್ತದಲ್ಲ, ಒಂದು ಲೀಟರಿಗೆ ಕಲಸುವ ಆ ಪೊಟ್ಟಣವನ್ನು ಎರಡು ಲೀಟರಿಗೆ ಕಲಸಿ. ಕಡುಬಿಸಿಲಿನ ದಿನ ಹನ್ನೊಂದರಿಂದ ಮೂರರ ತನಕ ಒಂದು ಗಡಿಗೆಯಲ್ಲಿ ಅದು, ಉಳಿದ ಮೂರರಲ್ಲಿ ಬರೀ ನೀರು ಇರಲಿ, ಬೇಕಾದದ್ದನ್ನು ಅವೇ ಕುಡಿಯುತ್ತವೆ. ನಿಂಬೆಹಣ್ಣು ಹಿಂಡುವುದೂ ಒಳ್ಳೆಯದೇ. ಸಿ ಜೀವಸತ್ವವನ್ನು ಕೋಳಿ ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ, ಬಿಸಿಲಿನ ಹೊಡೆತದಲ್ಲಿ ಅದು ಸಾಲುವುದಿಲ್ಲ.

ಇನ್ನು ನಿಮ್ಮ ನಾದಿನಿಯ ಮಾತು. ಆಕೆ ಹೇಳಿದ್ದು ಆಕೆಯ ಊರಿಗೆ ಸರಿ. ಕರಾವಳಿಯ ಗಾಳಿ ಮೊದಲೇ ನೀರು ಕುಡಿದಿರುತ್ತದೆ, ಅಲ್ಲಿ ಇನ್ನಷ್ಟು ನೀರು ಚಿಮುಕಿಸಿದರೆ ಆವಿಯಾಗಲು ಜಾಗವಿಲ್ಲದೆ ಕೋಳಿಯ ಏದುಸಿರೂ ಕೆಲಸ ಮಾಡುವುದಿಲ್ಲ. ಅಲ್ಲಿ ಗಾಳಿ ಆಡಿಸಬೇಕು, ನೆರಳು ಕೊಡಬೇಕು, ಅಷ್ಟೇ. ನಿಮ್ಮ ಕಡೆ ಏಪ್ರಿಲ್ ಮೇ ತಿಂಗಳ ಗಾಳಿ ತುಟಿ ಒಡೆಯುವಷ್ಟು ಒಣ. ಒಗೆದ ಧೋತರ ಅರ್ಧ ಗಂಟೆಯಲ್ಲಿ ಗರಿಗರಿಯಾಗುತ್ತದೆ. ಅಂಥ ಕಡೆ ನೀರು ಚಿಮುಕಿಸಿದರೆ ತಂಪು ಬಂದೇ ಬರುತ್ತದೆ. ಫಾಗರ್ ಕೂಡ ನಿಮ್ಮಲ್ಲಿ ಕೆಲಸ ಮಾಡುತ್ತದೆ, ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ನಲವತ್ತು ಕೋಳಿಗೆ ಆ ಖರ್ಚು ಹೆಚ್ಚಾಯಿತು, ಮಧ್ಯಾಹ್ನ ಕರೆಂಟು ಹೋದರೆ ಅದೂ ಇಲ್ಲ. ಗಾಳಿ ಬರುವ ಬದಿಯಲ್ಲಿ ಗೋಣಿಚೀಲ ಇಳಿಬಿಟ್ಟು ಗಂಟೆಗೊಮ್ಮೆ ಒದ್ದೆ ಮಾಡಿದರೆ ಅದೇ ಕೆಲಸ ಆಗುತ್ತದೆ. ಬರೀ ಫ್ಯಾನಿನ ಯೋಚನೆ ಇದ್ದರೆ ಬಿಡಿ. ಗಾಳಿಯೇ ಕೋಳಿಯ ಮೈಗಿಂತ ಬಿಸಿಯಾದ ಹೊತ್ತಿನಲ್ಲಿ ಒಣ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ.

ಗೋಣಿಚೀಲದ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರಿಗೆ ನಾನೇ, ಶೆಡ್ಡಿನ ಸುತ್ತ ಒದ್ದೆ ಚೀಲ ಕಟ್ಟಿ ಅಂದಿದ್ದೆ. ಅವರು ನನ್ನ ಮಾತು ನಂಬಿ ನಾಲ್ಕೂ ಕಡೆ, ಒಂದು ಸಂದೂ ಬಿಡದೆ ಕಟ್ಟಿದರು. ಸಂಜೆ ಹೋದಾಗ ಹನ್ನೊಂದು ಕೋಳಿ ಸತ್ತಿದ್ದವು. ಬಾಗಿಲು ಸರಿಸಿದ ಕೂಡಲೆ ಮುಖಕ್ಕೆ ಬಡಿದ ಆ ಹಬೆ ಇಂದಿಗೂ ನೆನಪಿದೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಿತ್ತು. ಒದ್ದೆ ಚೀಲದ ತೇವ, ಕೋಳಿಗಳ ಉಸಿರಿನ ತೇವ, ಹೊರಹೋಗಲು ದಾರಿಯಿಲ್ಲದೆ ಒಳಗೇ ತುಂಬಿತ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಂದು ಬದಿ ಪೂರ್ತಿ ತೆರೆದಿರಲಿ ಅನ್ನುವುದನ್ನು ನಾನು ಹೇಳಿರಲಿಲ್ಲ, ಆ ತಪ್ಪು ನನ್ನದೇ. ಅಂದಿನಿಂದ ಯಾರಿಗೆ ಹೇಳಿದರೂ ಮೊದಲು ಅದನ್ನೇ ಹೇಳುತ್ತೇನೆ. ಗಾಳಿ ಬರುವ ಒಂದೇ ಬದಿಗೆ ಚೀಲ ಕಟ್ಟಿ, ಎದುರಿನ ಬದಿಗೆ ಏನೂ ಬೇಡ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಒಂದು ಅಡ್ಡಮಳೆ ಬಂದು ಮರುದಿನ ಬಿಸಿಲು ಕಾದು ಮೈಯೆಲ್ಲ ಅಂಟಂಟಾಗುವ ದಿನ ಇರುತ್ತದಲ್ಲ, ಅಂದು ಚೀಲ ಒದ್ದೆ ಮಾಡಲೇಬೇಡಿ. ಆ ದಿನ ನಿಮ್ಮ ಊರೂ ಕುಂದಾಪುರವೇ.

ಇದಕ್ಕಿಂತ ಸುಲಭದ್ದು ನಮ್ಮ ಅವ್ವ ಮಾಡುತ್ತಿದ್ದದ್ದು. ಹನ್ನೊಂದರ ಹೊತ್ತಿಗೆ ಪಾತ್ರೆ ತೊಳೆದ ನೀರನ್ನು ಬೇವಿನ ಮರದ ಬುಡದಲ್ಲಿ, ಒಲೆಯ ಬೂದಿ ಚೆಲ್ಲಿದ ಸಡಿಲ ಮಣ್ಣಿನ ಮೇಲೆ ಸುರಿಯುತ್ತಿದ್ದಳು. ಅದು ಕೆಸರಾಗುವಷ್ಟಲ್ಲ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವಷ್ಟು. ನೀರು ಇಂಗಿದ ಐದು ನಿಮಿಷಕ್ಕೆ ಹೇಂಟೆಗಳು ಒಂದೊಂದಾಗಿ ಬಂದು ಕಾಲಿಂದ ಕೆದರಿ ಗುಳಿ ಮಾಡಿ, ಎದೆಯನ್ನು ತಣ್ಣನೆಯ ಮಣ್ಣಿಗೆ ಒತ್ತಿ, ಒಂದು ರೆಕ್ಕೆ ಬಿಡಿಸಿ ಕಣ್ಣು ಅರೆಮುಚ್ಚುತ್ತಿದ್ದವು. ಎದೆ ಹೊಟ್ಟೆಯ ಕಡೆ ಪುಕ್ಕ ತೆಳುವಾದ್ದರಿಂದ ಕಾವು ನೇರ ಮಣ್ಣಿಗೆ ಇಳಿಯುತ್ತದೆ. ಹೊರಗೆ ಮರವಿದ್ದರೆ ಹಗಲು ಕೋಳಿಯನ್ನು ಶೆಡ್ಡಿನಲ್ಲಿ ಇಡುವುದೇ ಬೇಡ. ಹದ್ದು, ಮುಂಗುಸಿಯ ಕಾಟ ಇದ್ದರೆ ಮರದ ಸುತ್ತ ಬಲೆ ಕಟ್ಟಿ. ಸಾಬೂನಿನ ನೀರು ಮಾತ್ರ ಸುರಿಯಬೇಡಿ.

ರಾತ್ರಿಯ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ಅದೂ ಮುಖ್ಯ. ಹಗಲು ಮೈಯಲ್ಲಿ ಸೇರಿದ ಕಾವನ್ನು ಕೋಳಿ ರಾತ್ರಿ ಬಿಟ್ಟುಕೊಳ್ಳಬೇಕು. ಕಾಡುಬೆಕ್ಕಿನ ಭಯಕ್ಕೆ ಮರದ ಪೆಟ್ಟಿಗೆಯಲ್ಲೋ ಕಲ್ಲು ಮುಚ್ಚಿದ ಗೂಡಿನಲ್ಲೋ ತುಂಬಿದರೆ ಬೆಳಗಿನ ತನಕ ಕಾವು ಇಳಿಯುವುದೇ ಇಲ್ಲ, ಮರುದಿನದ ಬಿಸಿಲಿಗೆ ಸೋತ ಮೈಯಲ್ಲೇ ನಿಲ್ಲುತ್ತವೆ. ಎರಡು ಬದಿಗೆ ಗಟ್ಟಿ ಜಾಲರಿ ಬಡಿಸಿ ಗಾಳಿ ಹಾಯುವ ಹಾಗೆ ಮಾಡಿ. ನೀವು ದುಡ್ಡು ಹಾಕುವುದಾದರೆ ಈ ಜಾಲರಿಗೆ ಹಾಕಿ. ನೆಲದ ಹೊಟ್ಟನ್ನು ಎರಡು ಬೆರಳಿನಷ್ಟು ಮಾತ್ರ ಉಳಿಸಿ, ಉಳಿದದ್ದು ತಿಪ್ಪೆಗೆ ಹೋಗಲಿ. ಕೊಳೆಯುವ ದಪ್ಪ ಹಾಸೂ ಕಾವು ಎಬ್ಬಿಸುತ್ತದೆ. ನಿಮ್ಮ ಶೆಡ್ಡಿನಲ್ಲಿ ಕೋಳಿಯೊಂದಕ್ಕೆ ಎರಡು ಚದರಡಿಗಿಂತ ಸ್ವಲ್ಪ ಹೆಚ್ಚು ಜಾಗ ಬರುತ್ತದೆ, ಬೇಸಿಗೆಗೆ ಮೂರು ಇದ್ದರೆ ಒಳ್ಳೆಯದು.

ಅದಕ್ಕೆ ದಾರಿ, ಕೆಲವನ್ನು ಮಾರಿಬಿಡುವುದು. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ. ಒಳ್ಳೆಯ ತಳಿ, ನಾಟಿಗಿಂತ ಬೇಗ ಬೆಳೆಯುತ್ತದೆ, ತತ್ತಿಯೂ ಹೆಚ್ಚು. ಆದರೆ ಮೈ ದೊಡ್ಡದಾದಷ್ಟೂ ಕಾವು ಹೊರಹಾಕುವುದು ಕಷ್ಟ. ಬೆಳೆದು ನಿಂತ ಗಿರಿರಾಜ ಹುಂಜಗಳನ್ನು ಮೇ ತನಕ ಕಾಯದೆ ಯುಗಾದಿಯ ಆಸುಪಾಸಿನ ಜಾತ್ರೆಗಳಿಗೆ ಕೊಟ್ಟುಬಿಡಿ. ಆಗ ಬೆಲೆಯೂ ಇರುತ್ತದೆ. ಮುಂದೆ ಮರಿ ಮಾಡುವಾಗ ಬೋಳು ಕುತ್ತಿಗೆಯ ನಾಟಿ ಹುಂಜ ಸಿಕ್ಕಿದರೆ ಬಿಡಬೇಡಿ. ನೋಡಲು ಚಂದವಿಲ್ಲ ಅಂತ ಜನ ದೂರ ಮಾಡುತ್ತಾರೆ. ಆ ಗುಣ ತಾಯಿ ತಂದೆಯಲ್ಲಿ ಒಬ್ಬರಿಂದ ಬಂದರೂ ಮರಿಗೆ ಪುಕ್ಕ ಐದನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ, ಇಬ್ಬರಿಂದಲೂ ಬಂದರೆ ಅದರ ಇಮ್ಮಡಿ. ಬಿಸಿಲು ನಾಡಿಗೆ ಹೇಳಿ ಮಾಡಿಸಿದ ಕೋಳಿ ಅದು.

ಇಷ್ಟೆಲ್ಲ ಮಾಡಿಯೂ ಒಂದು ಕೋಳಿ ಕುಸಿದು ಬಿದ್ದರೆ ಏನು ಮಾಡುವುದು? ಬಾಯಿ ತೆರೆದಿರುತ್ತದೆ, ಜುಟ್ಟು ಕಪ್ಪಿಟ್ಟಿರುತ್ತದೆ, ಎತ್ತಿದರೆ ಕತ್ತು ಜೋಲುತ್ತದೆ. ಗಾಬರಿಯಲ್ಲಿ ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸನಾಳಕ್ಕೆ ಹೋಗಿ ಅಲ್ಲೇ ಮುಗಿಯುತ್ತದೆ. ಐಸ್ ನೀರೂ ಬೇಡ, ಆ ಪೆಟ್ಟಿಗೆ ಎದೆ ನಿಲ್ಲಬಹುದು. ಗಡಿಗೆಯ ನೀರನ್ನು ಬೋಗುಣಿಗೆ ಹಾಕಿ, ಎರಡೂ ಕೈಯಲ್ಲಿ ಕೋಳಿಯನ್ನು ಹಿಡಿದು ಕಾಲು, ಹೊಟ್ಟೆ ಮುಳುಗುವ ಹಾಗೆ ಐದು ನಿಮಿಷ ನಿಲ್ಲಿಸಿ, ತಲೆ ಮೇಲಿರಲಿ. ಜುಟ್ಟನ್ನೂ ರೆಕ್ಕೆಯ ಕೆಳಗಿನ ಬೋಳು ಜಾಗವನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಆಮೇಲೆ ನೆರಳಲ್ಲಿ, ಗಾಳಿ ಬರುವ ಕಡೆ ಒಂಟಿಯಾಗಿ ಬಿಡಿ. ತಾನಾಗಿ ತಲೆ ಎತ್ತಿದ ಮೇಲೆ ಕೊಕ್ಕನ್ನು ನೀರಿಗೆ ತಾಗಿಸಿ, ಕುಡಿಯುತ್ತದೆ. ಅಂದು ಸಂಜೆಯವರೆಗೆ ಕಾಳು ಬೇಡ. ಸತ್ತದ್ದನ್ನು ತಿನ್ನಬೇಡಿ, ಮಾರಬೇಡಿ, ಎರಡಡಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ.

ತತ್ತಿಯನ್ನು ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಎತ್ತಿ. ಹುಂಜದ ಜೊತೆಗಿರುವ ಹೇಂಟೆಯ ತತ್ತಿಯೊಳಗಿನ ಜೀವ, ಕಾವು 24 ಡಿಗ್ರಿ ದಾಟಿದರೆ ಸಾಕು, ಅರೆಬರೆಯಾಗಿ ಬೆಳೆಯಲು ಶುರುಮಾಡಿ ತತ್ತಿ ಕೆಡುತ್ತದೆ. ಅಗಲ ಬಾಯಿಯ ಗಡಿಗೆಯಲ್ಲಿಟ್ಟು, ಗಡಿಗೆಯನ್ನು ಒದ್ದೆ ಮರಳಿನಲ್ಲಿ ಅರ್ಧ ಹೂತು, ಮೇಲೆ ಒದ್ದೆ ಅರಿವೆ ಹಾಕಿಡಿ. ಮಾರುವ ತತ್ತಿಗೆ ಒಂದು ಹನಿ ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು ಸವರಿದರೆ ಇನ್ನೂ ಕೆಲವು ದಿನ ಬಾಳುತ್ತದೆ. ಕಾವಿಗಿಡುವ ತತ್ತಿಗೆ ಮಾತ್ರ ಎಣ್ಣೆ ಮುಟ್ಟಿಸಬಾರದು, ಸಿಪ್ಪೆಯ ಸಣ್ಣ ರಂಧ್ರಗಳಿಂದಲೇ ಒಳಗಿನ ಮರಿ ಉಸಿರಾಡುವುದು.

ಕೊನೆಗೆ, ಕಾವಿಗೆ ಕೂತ ನಿಮ್ಮ ನಾಟಿ ಹೇಂಟೆ. ಆರು ದಿನ ಆಗಿದೆ, 21ಕ್ಕೆ ಮರಿ, ಇನ್ನು ಹದಿನೈದು ದಿನ. ಎಬ್ಬಿಸಬೇಡಿ. ಶೆಡ್ಡಿನಲ್ಲಿ ಮಾತ್ರ ಇಡಬೇಡಿ. ಸುತ್ತಲ ಗಾಳಿಯೇ ತತ್ತಿಗೆ ಬೇಕಾದ 37–38 ಡಿಗ್ರಿ ದಾಟಿದರೆ ಹೇಂಟೆ ಎದ್ದು ನಿಂತರೂ ತತ್ತಿ ತಣಿಯುವುದಿಲ್ಲ, ಒಳಗಿನ ಮರಿ ಬೆಂದುಹೋಗುತ್ತದೆ. ಕತ್ತಲಾದ ಮೇಲೆ, ಬುಟ್ಟಿ ಸಮೇತ, ಮನೆಯೊಳಗಿನ ತಂಪು ಮೂಲೆಗೆ ತನ್ನಿ. ಬುಟ್ಟಿಯಲ್ಲಿ ಹುಲ್ಲಿನ ಕೆಳಗೆ ನಾಲ್ಕು ಬೆರಳು ಮರಳು ಇರಲಿ. ಎರಡು ದಿನಕ್ಕೊಮ್ಮೆ ಬುಟ್ಟಿಯ ಅಂಚಿನಿಂದ ಆ ಮರಳಿಗೆ ಒಂದು ಲೋಟ ನೀರು ಹನಿಸಿ, ತತ್ತಿಗೆ ತಾಗಬಾರದು. ಕಾವಿಗೆ ಕೂತದ್ದು ತಾನಾಗಿ ನೀರಿಗೆ ಏಳುವುದು ಕಡಿಮೆ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀವೇ ಎತ್ತಿ ಕಾಳು ನೀರಿನ ಮುಂದೆ ಬಿಡಿ, ಕಾಲು ಗಂಟೆಯಲ್ಲಿ ತಾನೇ ಓಡಿಬಂದು ಕೂರುತ್ತದೆ. ಮರಿ ಒಡೆದ ಮೇಲೆ ಬೇಸಿಗೆಯಿಂದ ನಿಮಗೊಂದು ಅನುಕೂಲವೂ ಇದೆ. ಮೊದಲ ವಾರ ಮರಿಗೆ 33–35 ಡಿಗ್ರಿ ಕಾವು ಬೇಕು, ಚಳಿಗಾಲದಲ್ಲಿ ಬಲ್ಬು ಹಾಕಿ ಕೊಡುವುದನ್ನು ಈಗ ಹಗಲೇ ಕೊಡುತ್ತದೆ. ನೀರಿನ ಪರಿಯಾಣದಲ್ಲಿ ನಾಲ್ಕು ಬೆಣಚುಕಲ್ಲು ಹಾಕಿಡಿ, ಮರಿ ಬಿದ್ದು ಮುಳುಗಬಾರದು.